ಮತ್ತು, ಅಥವಾ, ಅಲ್ಲ: ಟಿಪ್ಪುವಿನ ಆನೆ ಪೈಸೆಯನ್ನು ಹುಡುಕುತ್ತ ಮಾಡಿಕೊಂಡ ಬೂಲಿಯನ್ ಟಿಪ್ಪಣಿ

1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನನ ತಾಮ್ರದ ಪೈಸೆಗಳ ಮೇಲೆ ಆನೆಯ ಚಿತ್ರವಿರುತ್ತದೆ. ಆ ಆನೆಗಳ ನಿಲುವು ಮತ್ತು ಸೊಂಡಿಲಿನ ಬಾಗು ನಾಣ್ಯದಿಂದ ನಾಣ್ಯಕ್ಕೆ ಹೇಗೆ ಬದಲಾಗುತ್ತವೆ ಎಂಬುದನ್ನು ಹೋಲಿಸಿ ನೋಡಲು ನನಗೆ ಹೆಚ್ಚು ಚಿತ್ರಗಳು ಬೇಕಾಗಿದ್ದವು. ಆನ್‌ಲೈನ್ ಮಾರಾಟ ತಾಣವಾದ ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿದ್ದರಿಂದ ಅದರ ಅಮೆರಿಕದ ತಾಣದಲ್ಲಿಯೇ ಹುಡುಕತೊಡಗಿದೆ. ಬೇಡದ ವಸ್ತುಗಳನ್ನು ಹೊರಗಿಟ್ಟು, ಬೇಕಾದದ್ದನ್ನು ಕಳೆದುಕೊಳ್ಳದೆ ಹುಡುಕುವುದು ಹೇಗೆ ಎಂಬುದು ನನಗೆ ಕಷ್ಟವಾದದ್ದರಿಂದ, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಹುಡುಕುವ ಪದಗಳನ್ನು "ಮತ್ತು", "ಅಥವಾ", "ಅಲ್ಲ" ಎಂಬ ಮೂರು ಸಂಬಂಧಗಳಿಂದ ಜೋಡಿಸುವ ವಿಧಾನಕ್ಕೆ ಬೂಲಿಯನ್ ಎಂದು ಹೆಸರು. ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಹುಡುಕುವಾಗ ಆ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಚಿಹ್ನೆಗಳು

ಇಬೇಯಲ್ಲಿ ಎರಡು ಪದಗಳ ನಡುವೆ ಬಿಡುವ ಖಾಲಿ ಜಾಗವೇ "ಮತ್ತು" ಎಂಬ ಅರ್ಥವನ್ನು ಕೊಡುತ್ತದೆ. ಆವರಣದೊಳಗೆ ಅಲ್ಪವಿರಾಮ ಹಾಕಿ ಬರೆದ ಪದಗಳಿಗೆ "ಅಥವಾ" ಎಂಬ ಅರ್ಥವಿರುತ್ತದೆ, ಆದರೆ ಅಲ್ಪವಿರಾಮದ ನಂತರ ಜಾಗ ಬಿಡಬಾರದು. ಪದಕ್ಕೆ ಅಂಟಿಸಿ ಬರೆದ ಕಳೆಯುವ ಚಿಹ್ನೆ "ಅಲ್ಲ" ಎಂದಾಗುತ್ತದೆ. ಚಿಹ್ನೆಯ ಹಿಂದೆ ಜಾಗವಿರಬೇಕು, ಮುಂದೆ ಇರಬಾರದು. ಉದ್ಧರಣ ಚಿಹ್ನೆಗಳ ನಡುವಿನ ಪದಗಳನ್ನು ಅದೇ ಕ್ರಮದಲ್ಲಿ ಹುಡುಕಲಾಗುತ್ತದೆ. "ಆ್ಯಂಡ್", "ಆರ್" ಎಂದು ಇಂಗ್ಲಿಷ್ ಪದಗಳನ್ನೇ ಬರೆದರೆ ಅವು ಚಿಹ್ನೆಗಳ ಕೆಲಸ ಮಾಡುವುದಿಲ್ಲ, ಶೀರ್ಷಿಕೆಯಲ್ಲಿ ಇರಬೇಕಾದ ಪದಗಳೇ ಆಗಿಬಿಡುತ್ತವೆ. ಈ ಚಿಹ್ನೆಗಳು ಎಲ್ಲ ಮಾರಾಟ ತಾಣಗಳಲ್ಲಿ ಒಂದೇ ರೀತಿ ನಡೆಯುವುದಿಲ್ಲವಾದ್ದರಿಂದ, ಹೊಸ ತಾಣದಲ್ಲಿ ಮೊದಲು ಒಂದು ಪದವನ್ನು ಕಳೆದು, ಆ ಪದವಿರುವ ವಸ್ತುಗಳು ನಿಜವಾಗಿ ಮಾಯವಾದವೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

"ಮತ್ತು" ಎಂದರೆ ಕೂಡಿಸುವುದಲ್ಲ

ಬಟ್ಟೆ ಅಂಗಡಿಯಲ್ಲಿ "ಕೆಂಪು ಮತ್ತು ಹಸಿರು ಸೀರೆಗಳನ್ನು ತೋರಿಸಿ" ಎಂದರೆ ಅಂಗಡಿಯವರು ಕೆಂಪು ಸೀರೆಗಳನ್ನೂ ಹಸಿರು ಸೀರೆಗಳನ್ನೂ ತಂದು ಹರಡುತ್ತಾರೆ, ಅಂದರೆ ನಮ್ಮ ಮಾತಿನ "ಮತ್ತು" ರಾಶಿಯನ್ನು ದೊಡ್ಡದು ಮಾಡುತ್ತದೆ. ಬೂಲಿಯನ್ "ಮತ್ತು" ಹಾಗಲ್ಲ, ಅದು ಎರಡೂ ಬಣ್ಣಗಳಿರುವ ಸೀರೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ನಾವು "ಮತ್ತು" ಎಂದು ಕೇಳಿದ್ದನ್ನು ಹುಡುಕುವ ಪೆಟ್ಟಿಗೆಯಲ್ಲಿ "ಅಥವಾ" ಎಂದು ಬರೆಯಬೇಕಾಗುತ್ತದೆ. ಇದು ಮನಸ್ಸಿಗೆ ಹತ್ತುವ ಮೊದಲು ನಾನು ಟಿಪ್ಪುವಿನ ಹೆಸರಿನ ಮೂರು ಇಂಗ್ಲಿಷ್ ಕಾಗುಣಿತಗಳನ್ನೂ ಜಾಗ ಬಿಟ್ಟು ಒಟ್ಟಿಗೆ ಬರೆದಿದ್ದೆ. ಒಂದೇ ಶೀರ್ಷಿಕೆಯಲ್ಲಿ ಮೂರೂ ಕಾಗುಣಿತಗಳನ್ನು ಬರೆಯುವ ಮಾರಾಟಗಾರರು ಯಾರಿರುತ್ತಾರೆ? ಬೇಕಿದ್ದದ್ದು ಹೀಗೆ ಬರೆಯುವುದು:

(ಟಿಪು,ಟಿಪ್ಪು,ಟಿಪ್ಪೂ) (ಪೈಸಾ,ಕಾಯಿನ್)

ಮೊದಲ ಆವರಣದಿಂದ ಒಂದಾದರೂ ಪದ, ಎರಡನೆಯದರಿಂದ ಒಂದಾದರೂ ಪದ ಇರಬೇಕು ಎಂದು ಇದರ ಅರ್ಥ. ಮೂರು ಮತ್ತು ಎರಡನ್ನು ಗುಣಿಸಿದರೆ ಆರು ಜೋಡಿಗಳಾಗುತ್ತವೆ. ಆರು ಸಲ ಬೇರೆ ಬೇರೆಯಾಗಿ ಹುಡುಕಬೇಕಾದದ್ದು ಒಂದೇ ಸಲಕ್ಕೆ ಮುಗಿಯುತ್ತದೆ. ಶಾಲೆಯಲ್ಲಿ ಆವರಣ ಬಿಡಿಸಿ ಗುಣಿಸಿದ ಲೆಕ್ಕವೇ ಇದು. ತರ್ಕವನ್ನು ಬೀಜಗಣಿತದಂತೆ ಬರೆಯಬಹುದು ಎಂದು 1847ರಲ್ಲಿ ತೋರಿಸಿಕೊಟ್ಟವರು ಜಾರ್ಜ್ ಬೂಲ್, ಅವರ ಹೆಸರೇ ಈ ವಿಧಾನಕ್ಕೆ ಉಳಿದುಕೊಂಡಿದೆ.

ನನ್ನನ್ನು ಎಡವಿಸಿದ ಹೆಜ್ಜೆ: ಆವರಣದ ಮುಂದಿನ ಕಳೆಯುವ ಚಿಹ್ನೆ

ನಕಲು ನಾಣ್ಯಗಳನ್ನು ಹೊರಗಿಡಲು -(ರೆಪ್ಲಿಕಾ,ಕಾಪಿ) ಎಂದು ಬರೆಯಬೇಕು ಎಂಬುದು ಗೊತ್ತಾಯಿತು, ಆದರೆ ಅದು ಏನು ಮಾಡುತ್ತದೆ ಎಂಬುದು ತಿಳಿಯಲಿಲ್ಲ. ಆವರಣದೊಳಗೆ ಇರುವುದು "ಅಥವಾ". ಹಾಗಾದರೆ "ರೆಪ್ಲಿಕಾ ಬೇಡ ಅಥವಾ ಕಾಪಿ ಬೇಡ" ಎಂದಾಯಿತೇ? ಎರಡರಲ್ಲಿ ಯಾವುದೋ ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಿದರೂ ನಡೆದೀತೇ? ಈ ಅನುಮಾನದಲ್ಲಿ ಬಹಳ ಹೊತ್ತು ಸಿಕ್ಕಿಕೊಂಡಿದ್ದೆ.

ಕೊನೆಗೆ ನಾಲ್ಕು ಶೀರ್ಷಿಕೆಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಒಂದರಲ್ಲಿ ಈ ಎರಡು ಪದಗಳಲ್ಲಿ ಯಾವುದೂ ಇಲ್ಲ. ಎರಡನೆಯದರಲ್ಲಿ ರೆಪ್ಲಿಕಾ ಮಾತ್ರ ಇದೆ. ಮೂರನೆಯದರಲ್ಲಿ ಕಾಪಿ ಮಾತ್ರ ಇದೆ. ನಾಲ್ಕನೆಯದರಲ್ಲಿ ಎರಡೂ ಇವೆ. ಮೊದಲು ಆವರಣದ ಒಳಗಿನದನ್ನು ಮಾತ್ರ ನೋಡಿದರೆ, "ರೆಪ್ಲಿಕಾ ಅಥವಾ ಕಾಪಿ" ಎಂಬುದು ಎರಡು, ಮೂರು ಮತ್ತು ನಾಲ್ಕನೆಯ ಶೀರ್ಷಿಕೆಗಳನ್ನು ಹಿಡಿಯುತ್ತದೆ. ಕಳೆಯುವ ಚಿಹ್ನೆ ಹೀಗೆ ಹಿಡಿದ ಇಡೀ ರಾಶಿಯನ್ನು ಹೊರಗೆ ಹಾಕುವುದರಿಂದ ಉಳಿಯುವುದು ಮೊದಲನೆಯದು ಮಾತ್ರ. ಈಗ "ರೆಪ್ಲಿಕಾ ಇಲ್ಲ ಅಥವಾ ಕಾಪಿ ಇಲ್ಲ" ಎಂಬುದನ್ನು ಪರೀಕ್ಷಿಸೋಣ. ಎರಡನೆಯದರಲ್ಲಿ ಕಾಪಿ ಇಲ್ಲವಾದ್ದರಿಂದ ಅದು ಒಳಗೆ ಬರುತ್ತದೆ. ಮೂರನೆಯದರಲ್ಲಿ ರೆಪ್ಲಿಕಾ ಇಲ್ಲವಾದ್ದರಿಂದ ಅದೂ ಬರುತ್ತದೆ. ನಾಲ್ಕನೆಯದು ಮಾತ್ರ ಹೊರಗುಳಿಯುತ್ತದೆ. ನಾನು ಗೊಂದಲದಲ್ಲಿ ಕಲ್ಪಿಸಿಕೊಂಡ ಅರ್ಥ ಒಂದೇ ಪದವಿರುವ ನಕಲುಗಳನ್ನು ತಡೆಯುತ್ತಲೇ ಇರಲಿಲ್ಲ.

ಆದ್ದರಿಂದ ಕಳೆಯುವ ಚಿಹ್ನೆ ಆವರಣದೊಳಗೆ ಇಳಿದಾಗ ಒಳಗಿನ "ಅಥವಾ" ಎಂಬುದು "ಮತ್ತು" ಆಗಿ ಬದಲಾಗುತ್ತದೆ: ರೆಪ್ಲಿಕಾ ಇರಬಾರದು ಮತ್ತು ಕಾಪಿ ಇರಬಾರದು. ಕನ್ನಡದಲ್ಲಿ ನಾವು ಇದನ್ನು ದಿನವೂ ಹೇಳುತ್ತೇವೆ. "ಕಾಫಿ ಅಥವಾ ಟೀ ಕುಡಿಯುತ್ತೀರಾ?" ಎಂದು ಮನೆಯವರು ಕೇಳಿದಾಗ ಬೇಡವೆನ್ನುವ ಅತಿಥಿ "ಕಾಫಿಯೂ ಬೇಡ, ಟೀಯೂ ಬೇಡ" ಎನ್ನುತ್ತಾರೆ; ಪ್ರಶ್ನೆಯ "ಅಥವಾ" ಉತ್ತರದಲ್ಲಿ ಎರಡು "ಊ"ಗಳಾಗಿ ಮಾರ್ಪಡುತ್ತದೆ. ಈ ವಾಕ್ಯ ಹೊಳೆದ ಮೇಲೆ ನನಗೆ ಕಾಗದದ ಪಟ್ಟಿ ಬೇಕಾಗಲಿಲ್ಲ. ತರ್ಕಶಾಸ್ತ್ರದಲ್ಲಿ ಇದು ಡಿ ಮಾರ್ಗನ್ ನಿಯಮ. ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ ನಮ್ಮ ನೆರೆಯ ಮಧುರೈಯಲ್ಲಿ ಎಂಬುದನ್ನು ಓದಿ ನನಗೆ ತುಂಬ ಸಂತೋಷವಾಯಿತು.

ಕಳೆಯುವುದರಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಯಂತ್ರ ಪದವನ್ನು ನೋಡುತ್ತದೆ, ಅರ್ಥವನ್ನು ನೋಡುವುದಿಲ್ಲ. "ಇದು ಕಾಪಿ ಅಲ್ಲ" ಎಂದು ಶೀರ್ಷಿಕೆಯಲ್ಲಿಯೇ ಬರೆದುಕೊಂಡ ನಾಣ್ಯವೂ ಕಾಪಿ ಎಂಬ ಪದವಿರುವ ಕಾರಣಕ್ಕೆ ಹೊರಗೆ ಹೋಗುತ್ತದೆ. ಕಳೆಯುವ ಪದಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಫಲಿತಾಂಶದ ಸಂಖ್ಯೆ ಎಷ್ಟು ಇಳಿಯಿತು ಎಂದು ನೋಡುವುದು ನಾನು ಈಗ ರೂಢಿಸಿಕೊಂಡಿರುವ ಕ್ರಮ. ಸಂಖ್ಯೆ ಅನಿರೀಕ್ಷಿತವಾಗಿ ಕುಸಿದರೆ ಆ ಪದವನ್ನು ತೆಗೆದು, ಏನು ಕಳೆದುಹೋಗಿತ್ತು ಎಂದು ಪರಿಶೀಲಿಸುತ್ತೇನೆ.

ಪಕ್ಕದ ಫಿಲ್ಟರುಗಳು

ಪುಟದ ಬದಿಯಲ್ಲಿ ಟಿಕ್ ಹಾಕುವ ಪೆಟ್ಟಿಗೆಗಳೂ ಸಾಮಾನ್ಯವಾಗಿ ಇದೇ ತರ್ಕವನ್ನು ಅನುಸರಿಸುತ್ತವೆ. ಒಂದೇ ತಲೆಬರಹದ ಕೆಳಗೆ ಎರಡು ಟಿಕ್ ಹಾಕಿದರೆ "ಅಥವಾ", ಎರಡು ತಲೆಬರಹಗಳ ನಡುವೆ "ಮತ್ತು". ಆದರೆ ಮಾರಾಟಗಾರರು ಲೋಹದ ಹೆಸರನ್ನು ತುಂಬದೆ ಖಾಲಿ ಬಿಟ್ಟಿದ್ದರೆ, ತಾಮ್ರ ಎಂದು ಟಿಕ್ ಹಾಕಿದೊಡನೆ ಆ ನಾಣ್ಯ ಕಾಣಿಸದಂತಾಗುತ್ತದೆ.

ನಾನು ಈಗ ಉಳಿಸಿಕೊಂಡಿರುವ ಹುಡುಕಾಟ ಹೀಗಿದೆ:

(ಟಿಪು,ಟಿಪ್ಪು,ಟಿಪ್ಪೂ) (ಪೈಸಾ,ಕಾಯಿನ್) -(ರೆಪ್ಲಿಕಾ,ಕಾಪಿ,ಸ್ಟ್ಯಾಂಪ್)

ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರು ನಾಣ್ಯದ ಮೇಲೆ "ಪಟನ್" ಎಂದಿರುವುದರಿಂದ ಆ ಪದವನ್ನೂ ಸೇರಿಸಬೇಕೆನಿಸಿತ್ತು. ಆದರೆ ಜಾಗ ಬಿಟ್ಟು ಸೇರಿಸುವ ಪ್ರತಿ ಪದವೂ ಇನ್ನೊಂದು "ಮತ್ತು" ಆಗುತ್ತದೆ, ಮತ್ತು ನಾಣ್ಯದ ಮೇಲಿನ ಪರ್ಷಿಯನ್ ಬರಹವನ್ನು ಓದಲು ಬಾರದ ಮಾರಾಟಗಾರರು ಟಂಕಸಾಲೆಯ ಹೆಸರನ್ನು ಬರೆದಿರುವುದೇ ಇಲ್ಲ. ಆದ್ದರಿಂದ ಆ ಪದವನ್ನು ಬಿಟ್ಟಿದ್ದೇನೆ. ಶ್ರೀರಂಗಪಟ್ಟಣದ ಪೈಸೆ ಯಾವುದು ಎಂಬುದನ್ನು ಚಿತ್ರವನ್ನು ಹಿಗ್ಗಿಸಿ ಕಣ್ಣಿನಿಂದಲೇ ನೋಡುತ್ತೇನೆ.