ಓದುಗರ ಪ್ರಶ್ನೆ: ಭೈರವ್ ಹಾಡಿಗೆ ಗಿಟಾರ್ ಕಾರ್ಡ್ ಯಾಕೆ ಕೂಡುವುದಿಲ್ಲ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ. ಮನೆಯಲ್ಲಿ ಬೆಳಿಗ್ಗೆ ದಾಸರ ಪದ ಹಾಡುತ್ತಾರೆ. ಪೇಟಿ (ಹಾರ್ಮೋನಿಯಂ), ತಬಲಾ ಇರುತ್ತದೆ. ನಾನು ಗಿಟಾರ್ ಹಿಡಿದು ಒಂದು ವರ್ಷ ಆಯಿತು. ಸಿನಿಮಾ ಹಾಡಿಗೆ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಕೂಡುತ್ತವೆ. ಭೈರವ್ ರಾಗ ಶುರುವಾದರೆ ಮಾತ್ರ ಯಾವುದು ಬಾರಿಸಿದರೂ ಕಿವಿಗೆ ಚುಚ್ಚುತ್ತದೆ. ಯಾಕೆ?

ಉತ್ತರ: ಜಗನ್ನಾಥದಾಸರ ಊರಿನಿಂದ ಇಂಥ ಪ್ರಶ್ನೆ ಬಂದಿದ್ದು ಖುಷಿ. ನನಗೂ ಹೀಗೇ ಆಗಿತ್ತು. ರಾಯಚೂರಿನಲ್ಲಿ ಒಂದು ಭಜನೆಗೆ ಗಿಟಾರ್ ತಗೊಂಡು ಹೋಗಿ, ಇ ಮೇಜರ್ ಹಿಡಿದು, ಧೈರ್ಯವಾಗಿ ಬಿ ಮೇಜರ್‌ಗೆ ಹೋದೆ. ಪೇಟಿ ಮಾಸ್ತರರು ಬಾರಿಸುವುದು ನಿಲ್ಲಿಸಲಿಲ್ಲ, ಸುಮ್ನೆ ನನ್ನ ಕಡೆ ತಿರುಗಿ ನೋಡಿದರು. ಅಷ್ಟೇ ಸಾಕಾಯ್ತು.

ತಪ್ಪು ಆ ಬಿ ಮೇಜರ್‌ನಲ್ಲೇ ಇತ್ತು. ಕಡೆಯ ದಪ್ಪ ತಂತಿ (ಆರನೇದು) ಇ, ಅದೇ ನಮ್ಮ ಷಡ್ಜ ಅಂದುಕೊಳ್ಳಿ. ಸ ಇಂದ ನಿ ವರೆಗೆ ಭೈರವ್‌ನ ಏಳು ಸ್ವರ, ಗಿಟಾರಿನ ಇಂಗ್ಲಿಷ್ ಹೆಸರಲ್ಲಿ, ಹೀಗೆ ಬರುತ್ತವೆ: ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್. ರಿಷಭ, ಧೈವತ ಎರಡೂ ಕೋಮಲ, ಅಂದರೆ ಅರ್ಧ ಮೆಟ್ಟಿಲು ತಗ್ಗು. ಒಂದೇ ತಂತಿಯ ಮೇಲೆ ಬಾರಿಸುತ್ತಾ ಹೋಗಿ. ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಒಂದು ಮನೆ, ಅಂದರೆ ಅರ್ಧ ಮೆಟ್ಟಿಲು), ಆಮೇಲೆ ಮೂರು ಫ್ರೆಟ್ ಜಿಗಿತ, ಮತ್ತೆ ಒಂದು. ಅಲ್ಲಿಂದ ಎರಡು ದಾಟಿದರೆ ಪಂಚಮ. ಮುಂದೆಯೂ ಅದೇ ಒಂದು, ಮೂರು, ಒಂದು. ನಾವು ಕಲಿಯುವ ಮೇಜರ್ ಸ್ಕೇಲ್‌ನಲ್ಲಿ ಮೂರು ಫ್ರೆಟ್ ಜಿಗಿತ ಎಲ್ಲೂ ಇಲ್ಲ. (ಸರಳೆ ವರಸೆ ಕಲಿತವರಿಗೆ ಇವು ಮಾಯಾಮಾಳವಗೌಳದ ಸ್ವರಗಳು ಅಂತ ತಕ್ಷಣ ಗೊತ್ತಾಗುತ್ತದೆ.)

ಕಾರ್ಡ್ ಅಂದರೆ ಒಂದು ಸ್ವರ ಹಿಡಿದು, ಪಕ್ಕದ್ದು ಬಿಟ್ಟು ಆಚೆಯದು, ಮತ್ತೊಂದು ಬಿಟ್ಟು ಅದರಾಚೆಯದು. ಸ ಗ ಪ ಕೂಡಿಸಿದರೆ ಇ ಮೇಜರ್. ರಿ ಮ ಧ ಅಂದರೆ ಎಫ್ ಮೇಜರ್. ಮ ಧ ಸ ಅಂದರೆ ಎ ಮೈನರ್. ಗ ಪ ನಿ, ಜಿ ಶಾರ್ಪ್ ಮೈನರ್. ಇಲ್ಲಿವರೆಗೆ ಎಲ್ಲ ಪರಿಚಯದವೇ. ಧ ಸ ಗ ಆಗ್ಮೆಂಟೆಡ್ (ಮೇಜರ್ ಕಾರ್ಡ್‌ನ ಕೊನೆಯ ಸ್ವರ ಒಂದು ಫ್ರೆಟ್ ಏರಿದ್ದು) ಆಗುತ್ತದೆ. ನಿ ರಿ ಮ ಅಂತೂ ಹೆಸರಿಡೋಕೂ ಕಷ್ಟ, ಅದನ್ನು ಬಿಡಿ. ಎಡವಟ್ಟಾಗುವುದು ಪಂಚಮದಲ್ಲಿ. ಬಿ ಮೇಜರ್‌ಗೆ ಎಫ್ ಶಾರ್ಪ್ ಬೇಕು, ಭೈರವ್‌ನಲ್ಲಿ ಇರುವುದು ಬರೀ ಎಫ್. ಹಾಡುವವರು ಕೋಮಲ ರಿಷಭದಲ್ಲಿ, ನಿಮ್ಮ ಗಿಟಾರ್ ಅದಕ್ಕಿಂತ ಒಂದು ಫ್ರೆಟ್ ಮೇಲೆ. ಚುಚ್ಚದೆ ಇನ್ನೇನು?

ಸಿನಿಮಾ ಹಾಡಿನಲ್ಲಿ ಮನೆಗೆ, ಅಂದರೆ ಷಡ್ಜಕ್ಕೆ, ವಾಪಸ್ ಕರೆತರುವುದು ಈ ಪಂಚಮದ ಕಾರ್ಡೇ. ಭೈರವ್‌ನಲ್ಲಿ ಆ ಕೆಲಸವನ್ನು ರಿಷಭದ ಕಾರ್ಡ್‌ಗೆ ಒಪ್ಪಿಸಬೇಕು. ಎಫ್‌ನಿಂದ ಇ ಗೆ ಇಳಿಯಿರಿ. ಒಂದೇ ಫ್ರೆಟ್ ಅಂತರದಲ್ಲಿ ಎರಡು ಮೇಜರ್ ಕಾರ್ಡ್! ಮಾಮೂಲಿ ಮೇಜರ್ ಸ್ಕೇಲ್‌ನಲ್ಲಿ ಇಂಥ ಜೋಡಿ ಸಿಗುವುದಿಲ್ಲ.

ಇದಕ್ಕೆ ಬಾರೆ (ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವುದು) ಹಿಡಿದು ಒದ್ದಾಡಬೇಕಿಲ್ಲ. ಮಾಮೂಲಿ ಇ ಮೇಜರ್ ಹಿಡಿಯಿರಿ. ಮೂರೂ ಬೆರಳನ್ನು ಹಾಗೇ ಒಂದು ಫ್ರೆಟ್ ಮುಂದೆ ಸರಿಸಿ, ಉಳಿದ ತಂತಿ ಖಾಲಿ ಬಿಡಿ. ಈಗ ಸಿಗುವುದು ಎಫ್, ಎ, ಸಿ, ಜೊತೆಗೆ ಖಾಲಿ ಇ ಮತ್ತು ಬಿ. ಎಲ್ಲವೂ ಭೈರವ್‌ನ ಸ್ವರಗಳೇ, ತಂಬೂರಿಯ ಸ ಪ ಹಿಂದೆ ಗುಂಯ್ ಅನ್ನುತ್ತಲೇ ಇರುತ್ತದೆ. ವಾಪಸ್ ಇ ಮೇಜರ್‌ಗೆ ಬಂದು, ಅದೇ ಮೂರು ಬೆರಳನ್ನು ಒಂದೊಂದು ತಂತಿ ಕೆಳಕ್ಕೆ ಇಳಿಸಿದರೆ ಎ ಮೈನರ್. ಒಂದೇ ಕೈಹಿಡಿತ, ಮೂರು ಜಾಗ. ಮೊದಲ ಆರು ತಿಂಗಳು ಇಷ್ಟರಲ್ಲೇ ಇದ್ದರೂ ಏನೂ ತೊಂದರೆ ಇಲ್ಲ. ಒಂದೇ ಎಚ್ಚರಿಕೆ: ಮೂರನೇ, ನಾಲ್ಕನೇ ತಂತಿ ಖಾಲಿ ಬಾರಿಸಬೇಡಿ. ಜಿ, ಡಿ ಎರಡೂ ಈ ರಾಗದ ಹೊರಗಿನವು.

ನಿಷಾದದಿಂದ ಷಡ್ಜಕ್ಕೆ ಹತ್ತುವಾಗ ಕಾರ್ಡ್ ಬೇಡವೇ ಬೇಡ. ದಪ್ಪ ತಂತಿ ಖಾಲಿ ಮೀಟಿ, ನಾಲ್ಕನೇ ತಂತಿಯ ಒಂದನೇ ಫ್ರೆಟ್, ಆಮೇಲೆ ಎರಡನೇ ಫ್ರೆಟ್. ಮುಗಿಯಿತು.

ಇನ್ನೊಂದು ತಕರಾರು ಇದೆ, ಅದನ್ನು ಕಾರ್ಡ್ ಬದಲಿಸಿ ಸರಿಪಡಿಸೋಕೆ ಆಗಲ್ಲ. ಭೈರವ್‌ನಲ್ಲಿ ರಿಷಭ, ಧೈವತ ನಿಂತಲ್ಲಿ ನಿಲ್ಲುವುದಿಲ್ಲ, ಮೆಲ್ಲಗೆ ತೂಗುತ್ತವೆ. ಆಂದೋಲನ ಅನ್ನುತ್ತಾರಲ್ವಾ, ಅದು. ಫ್ರೆಟ್ ತೂಗುವುದಿಲ್ಲ. ಪೇಟಿಯ ಮನೆಯೂ (ಬೆರಳಿಡುವ ಕೀ) ತೂಗುವುದಿಲ್ಲ, ಅದಕ್ಕೇ ಒಳ್ಳೆಯ ಪೇಟಿ ಮಾಸ್ತರರು ಅಲ್ಲಿ ಬೆರಳು ಎತ್ತುತ್ತಾರೆ. ಅವರ ಕೈ ನೋಡಿ, ಅವರು ಎತ್ತಿದಾಗ ನೀವೂ ಖಾಲಿ ಸ ಪ ತಂತಿಗೆ ಬನ್ನಿ. ಗಾಂಧಾರದ್ದೂ ಸಣ್ಣ ಜಗಳ ಇದೆ. ಸ್ವರಗಳ ಅಂತರ ಅಳೆಯೋದು ಸೆಂಟ್‌ನಲ್ಲಿ, ಒಂದು ಫ್ರೆಟ್ಟಿಗೆ 100 ಸೆಂಟ್ ಲೆಕ್ಕ. ಗಿಟಾರಿನ ಗಾಂಧಾರ, ತಂಬೂರಿಗೆ ಕೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ನಿಧಾನದ ಹಾಡಿನಲ್ಲಿ ಇದು ಕೇಳಿಸುತ್ತದೆ. ಆಗ ಇ ಮೇಜರ್‌ನಲ್ಲಿ ಮೂರನೇ ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಮೂಕ ಮಾಡಿಬಿಡಿ. ಬರೀ ಸ ಪ ಉಳಿಯುತ್ತದೆ. ನನಗಂತೂ ಅದೇ ಜಾಸ್ತಿ ಇಷ್ಟ.

ನಿಮ್ಮ ಮನೆಯವರು ಹಾಡುವುದು ಕಾಲಿಂಗಡಾ ರಾಗ ಇದ್ದರೂ ಇರಬಹುದು, ಒಮ್ಮೆ ಕೇಳಿ ನೋಡಿ. ಅದರಲ್ಲೂ ಇದೇ ಏಳು ಸ್ವರ, ಆದರೆ ಆ ತೂಗಾಟ ಇಲ್ಲ. ಕಾರ್ಡ್ ಆರಾಮಾಗಿ ಕೂರುತ್ತವೆ.

ಕಡೆಗೆ ಶ್ರುತಿ. ಗಂಡಸರು ಹಾಡಿದರೆ ಪೇಟಿಯ ಷಡ್ಜ ಬಹಳ ಸಲ ಕಪ್ಪು ಒಂದರಲ್ಲಿ (ಮೊದಲ ಕಪ್ಪು ಮನೆ) ಇರುತ್ತದೆ, ಅಂದರೆ ಸಿ ಶಾರ್ಪ್. ಆಗ ಇ ಬಿಟ್ಟು ಎ ಹಿಡಿತಕ್ಕೆ ಬನ್ನಿ, ನಾಲ್ಕನೇ ಫ್ರೆಟ್ಟಿಗೆ ಕಾಪೊ (ಎಲ್ಲ ತಂತಿಯನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಎ ಮೇಜರ್ ನಿಮ್ಮ ಷಡ್ಜ. ಅದನ್ನೇ ಒಂದು ಫ್ರೆಟ್ ಸರಿಸಿದರೆ ರಿಷಭದ ಕಾರ್ಡ್. ಮಧ್ಯಮಕ್ಕೆ ಡಿ ಮೈನರ್. ಆರನೇ ತಂತಿ ಬಾರಿಸಬೇಡಿ, ಐದರಿಂದ ಶುರು ಮಾಡಿ.