ಆಟಿ ಹದಿನೆಂಟರ ಮರುದಿನ ಮತ್ತು ಮೂತ್ರದ ನೊರೆ

ಆಟಿ ತಿಂಗಳ 18ರಂದು, ಎಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ರಸ ತೆಗೆದು ಪಾಯಸ ಮಾಡುತ್ತಾರೆ. ಅದನ್ನು ಉಂಡ ಮೇಲೆ ಮೂತ್ರ ಕೆಂಪಗಾಗುತ್ತದೆ. ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಎಂದು ಹಿರಿಯರಿಗೆ ಸಮಾಧಾನ. ಊರಿಗೆ ಊರೇ ತನ್ನ ಮೂತ್ರವನ್ನು ಗಮನವಿಟ್ಟು ನೋಡುವುದು ವರ್ಷದಲ್ಲಿ ಅದೊಂದು ದಿನ. ಮಿಕ್ಕ ದಿನಗಳಲ್ಲಿ ಯಾರೂ ನೋಡುವುದಿಲ್ಲ. ನಮ್ಮ ಪಕ್ಕದ ತೋಟದ ರೈಟರ್, ಎಂದರೆ ಆಳುಗಳ ಕೆಲಸ ನೋಡಿಕೊಳ್ಳುವವರು, ಕೂಡ ನೋಡಿರಲಿಲ್ಲ.

ಅವರಿಗೆ ಮೊದಲು ಬಿಗಿಯಾದದ್ದು ಗಂಬೂಟು. ಜೂನ್, ಜುಲೈ ತಿಂಗಳ ಮಳೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿಸುವವರ ಕಾಲು ಬಾಯುವುದು ದೊಡ್ಡ ಸಂಗತಿಯೇ ಅಲ್ಲ, ಶೀತವಿರಬೇಕು ಎಂದುಕೊಂಡರು. ಆಮೇಲೆ ಬೆಳಿಗ್ಗೆ ಕಣ್ಣಿನ ರೆಪ್ಪೆಗಳೂ ಊದತೊಡಗಿದವು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯೇಟಿನಿನ್ ಸರಿಯಾಗಿಯೇ ಇತ್ತು. ಕಿಡ್ನಿಗೆ ಏನೂ ಆಗಿಲ್ಲ ಎಂದು ಹೇಳಿ ಕಳುಹಿಸಿದರು. ನಾಲ್ಕು ತಿಂಗಳು ಹೀಗೇ ಕಳೆಯಿತು. ನನಗೆ ಇಂದಿಗೂ ನೋಯುವುದು ಆ ನಾಲ್ಕು ತಿಂಗಳು. ಕಿಡ್ನಿ ರಕ್ತದ ಕಸ ತೆಗೆಯುತ್ತಿದೆಯೇ ಎಂಬುದನ್ನು ಕ್ರಿಯೇಟಿನಿನ್ ಹೇಳುತ್ತದೆ; ಸೋರುತ್ತಿದೆಯೇ ಎಂಬುದನ್ನು ಹೇಳುವುದು ಮೂತ್ರ ಪರೀಕ್ಷೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 150 ಮಿಲಿಗ್ರಾಂಗಿಂತ ಕಡಿಮೆ ಪ್ರೋಟೀನ್ ಹೋಗುತ್ತದೆ. ಕೊನೆಗೆ ಮೈಸೂರಿನಲ್ಲಿ ಪರೀಕ್ಷಿಸಿದಾಗ ಇವರಲ್ಲಿ ಹೋಗುತ್ತಿದ್ದದ್ದು 8 ಗ್ರಾಂ. ಮೊಟ್ಟೆಯ ಬಿಳಿಯನ್ನು ಕಡೆದರೆ ನೊರೆ ಏಳುವಂತೆ ಪ್ರೋಟೀನ್ ಹೆಚ್ಚಿದ ಮೂತ್ರವೂ ನೊರೆ ಕಟ್ಟುತ್ತದೆ, ಬೇಗ ಆರುವುದಿಲ್ಲ. ಹೀಗೆ ಸೋರಿ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದಾಗ ಮೈಯಲ್ಲಿ ಉಪ್ಪು, ನೀರು ನಿಂತು ಬಾವು ಬರುತ್ತದೆ.

ಕಾಯಿಲೆಯ ಹೆಸರು ಮೆಂಬ್ರೇನಸ್ ನೆಫ್ರೋಪಥಿ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಗಳಿವೆ. ಆ ಸೋಸಿನ ಪೊರೆಯ ಹೊರಮೈಯನ್ನು ಪೋಡೋಸೈಟ್ ಎಂಬ ಜೀವಕೋಶಗಳು ಬೆರಳು ಹೆಣೆದಂತೆ ತಬ್ಬಿ ಹಿಡಿದಿರುತ್ತವೆ. ರೋಗಾಣುಗಳ ಮೇಲೆ ಬೀಳಬೇಕಾದ ಪ್ರತಿಕಾಯಗಳು ಈ ಕೋಶಗಳ ಮೇಲೆಯೇ ಬಿದ್ದರೆ ಪೊರೆ ದಪ್ಪಗಾಗುತ್ತದೆ, ಆದರೂ ಸೋರುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ನಮಗೆ ಗೊತ್ತು. ಇಲ್ಲಿ ಬೇಲಿ ಮುರಿಯುವವನು ಕಾವಲುಗಾರ.

ಪ್ರತಿಕಾಯ ಹಿಡಿಯುವುದು ಕೋಶದ ಯಾವ ಭಾಗವನ್ನು? ಇದಕ್ಕೆ ಉತ್ತರ ಸಿಗಲು ದಶಕಗಳೇ ಬೇಕಾದವು. 1959ರಲ್ಲಿ ಹೇಮನ್ ಮತ್ತು ಸಂಗಡಿಗರು ಇಲಿಗಳಲ್ಲಿ ಇಂಥದೇ ಕಾಯಿಲೆ ಉಂಟುಮಾಡಿ ತೋರಿಸಿದ್ದರು. ಮನುಷ್ಯರಲ್ಲಿ ಮೊದಲ ಸುಳಿವು ಕೊಟ್ಟದ್ದು ಒಂದು ನವಜಾತ ಶಿಶು. ಆ ಮಗುವಿನ ತಾಯಿಯ ದೇಹದಲ್ಲಿ ಹುಟ್ಟಿನಿಂದಲೇ ಒಂದು ಪ್ರೋಟೀನ್ ಇರಲಿಲ್ಲ. ಹೊಟ್ಟೆಯಲ್ಲಿದ್ದ ಮಗುವಿಗೆ ಅದು ಇತ್ತು. ತಾಯಿಯ ದೇಹಕ್ಕೆ ಅದು ಪರಕೀಯವಾಗಿ ಕಂಡು ಪ್ರತಿಕಾಯ ಹುಟ್ಟಿತು, ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ಕಿಡ್ನಿಯನ್ನು ಸೇರಿತು. ಪ್ಯಾರಿಸ್‌ನ ದೆಬಿಯೆಕ್, ರೊಂಕೊ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಬಿಡಿಸಿ ಹೇಳಿದರು. ಇಂಥ ಒಂದು ಮಗುವಿನ ನೋವಿನಿಂದ ಸಾವಿರಾರು ರೋಗಿಗಳ ಒಗಟಿಗೆ ದಾರಿ ತೆರೆಯಿತು ಎಂಬುದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಏಳು ವರ್ಷಗಳ ನಂತರ, 2009ರಲ್ಲಿ, ಬಾಸ್ಟನ್‌ನ ಬೆಕ್ ಮತ್ತು ಸಲಾಂಟ್ ತಂಡ ದೊಡ್ಡವರಲ್ಲಿನ ಮುಖ್ಯ ಗುರಿಯನ್ನು ಪತ್ತೆ ಮಾಡಿತು: ಪೋಡೋಸೈಟ್ ಮೇಲಿರುವ ಪಿಎಲ್‌ಎ2ಆರ್ ಎಂಬ ಪ್ರೋಟೀನ್. ಬೇರೆ ಕಾರಣವಿಲ್ಲದೆ ಈ ಕಾಯಿಲೆ ಬಂದವರಲ್ಲಿ ಸುಮಾರು ಶೇ. 70 ಜನರ ರಕ್ತದಲ್ಲಿ ಇದರ ವಿರುದ್ಧದ ಪ್ರತಿಕಾಯ ಸಿಗುತ್ತದೆ. ಹಾಗಾಗಿ ಕೆಲವರಿಗೆ ಈಗ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯ ಸೂಜಿಯೂ ತಪ್ಪುತ್ತದೆ.

ಪ್ರತಿಕಾಯ ಸಿಗದಿದ್ದರೆ ಬೇರೆ ಕಾರಣ ಹುಡುಕಬೇಕು: ಹೆಪಟೈಟಿಸ್ ಬಿ, ಪ್ರತಿಕಾಯಗಳು ಮೈಗೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆ, ಕ್ಯಾನ್ಸರ್, ಬೆನ್ನುನೋವಿಗೆಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ. ಇನ್ನೊಂದು ಕಾರಣ ನಮಗೆ ತೀರಾ ಹತ್ತಿರದ್ದು. ಮಾಕುಟ್ಟದ ಘಾಟಿ ಇಳಿದರೆ ಕೇರಳ. ಅಲ್ಲಿನ ವೈದ್ಯರು 2021ರಿಂದ 2023ರ ನಡುವೆ ಕಂಡ ಈ ಕಾಯಿಲೆಯ 22 ರೋಗಿಗಳಲ್ಲಿ 15 ಮಂದಿಯ ಕಿಡ್ನಿಯಲ್ಲಿ ನೆಲ್-1 ಎಂಬ ಬೇರೆಯೇ ಗುರಿ ಸಿಕ್ಕಿತು. ಅವರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿದ್ದರು. ಇಂಥ ಕ್ರೀಮ್‌ಗಳಲ್ಲಿ ಬೆರೆಸುವ ಪಾದರಸವೇ ವಿಷ. ಹಚ್ಚುವುದನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ತಯಾರಕರ ವಿಳಾಸವಿಲ್ಲದ ಕ್ರೀಮ್ ಡಬ್ಬಿ ನಿಮ್ಮ ಮನೆಯ ಕನ್ನಡಿಯ ಮುಂದೆ ಇದ್ದರೆ ಹಚ್ಚುವುದನ್ನು ಇಂದೇ ಬಿಡಿ. ಪಾದರಸ ಸೇರಿದ ನಾಟಿ ಔಷಧಗಳಿಗೂ ಇದೇ ಮಾತು.

ಚಿಕಿತ್ಸೆಯಲ್ಲಿ ಮೊದಲು ಬೇಕಾದದ್ದು ಧೈರ್ಯ, ಏಕೆಂದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಾಯಿಲೆ ತಾನಾಗಿಯೇ ಇಳಿಯುತ್ತದೆ. ಅಪಾಯ ಕಡಿಮೆಯಿದ್ದರೆ ವೈದ್ಯರು ಕೆಲವು ತಿಂಗಳು ಕಾಯುತ್ತಾರೆ. ಆಗಲೂ ಪ್ರೋಟೀನ್ ಸೋರಿಕೆ ತಗ್ಗಿಸುವ ರಕ್ತದೊತ್ತಡದ ಮಾತ್ರೆ ಮತ್ತು ಉಪ್ಪಿನ ಪಥ್ಯ ಇದ್ದೇ ಇರುತ್ತವೆ. ಒಣಮೀನು, ಉಪ್ಪಿನಕಾಯಿ ಬಿಡುವುದು ಕೊಡಗಿನ ಮಳೆಗಾಲದಲ್ಲಿ ಕಷ್ಟವೇ, ಆದರೂ ಬಿಡಬೇಕು. ಆಲ್ಬುಮಿನ್ ತೀರಾ ಇಳಿದಾಗ ರಕ್ತ ಹೆಪ್ಪುಗಟ್ಟುವ ಭಯವಿದೆ. ಒಂದೇ ಕಾಲು ಊದಿ ನೋಯುವುದು, ಪಕ್ಕೆಯಲ್ಲಿ ತೀವ್ರ ನೋವು, ಹಠಾತ್ತನೆ ಏದುಸಿರು ಕಂಡರೆ ಬೆಳಗಾಗುವವರೆಗೆ ಕಾಯಬಾರದು.

ಕಾಯಿಲೆ ಇಳಿಯದಿದ್ದರೆ ಹಳೆಯ ದಾರಿ ಇಟಲಿಯ ಪೊಂಟಿಚೆಲ್ಲಿ ಕ್ರಮ: ಆರು ತಿಂಗಳ ಕಾಲ ಸರದಿಯಂತೆ ಒಂದು ತಿಂಗಳು ಸ್ಟೀರಾಯ್ಡ್, ಮುಂದಿನ ತಿಂಗಳು ಸೈಕ್ಲೋಫಾಸ್ಫಮೈಡ್ ಎಂಬ ಔಷಧ. ಗುಣ ನಿಜ, ಸೋಂಕು ಮತ್ತು ಬಂಜೆತನದ ಅಪಾಯವೂ ನಿಜ. ಹೊಸ ದಾರಿ ರಿಟುಕ್ಸಿಮ್ಯಾಬ್. ಪ್ರತಿಕಾಯ ತಯಾರಿಸುವ ಕೋಶಗಳಿಗೆ ಜನ್ಮ ಕೊಡುವ ಬಿ ಕೋಶಗಳನ್ನೇ ಅದು ತೆಗೆದುಹಾಕುತ್ತದೆ. 2019ರಲ್ಲಿ ಪ್ರಕಟವಾದ ಮೆಂಟರ್ ಅಧ್ಯಯನದಲ್ಲಿ ಎರಡು ವರ್ಷಗಳ ಕೊನೆಗೆ ಈ ಔಷಧ ಪಡೆದವರಲ್ಲಿ ಶೇ. 60 ಜನರಿಗೆ ಪೂರ್ಣ ಅಥವಾ ಭಾಗಶಃ ಗುಣವಿತ್ತು. ಸೈಕ್ಲೋಸ್ಪೋರಿನ್ ಎಂಬ ಇನ್ನೊಂದು ಔಷಧ ಪಡೆದವರಲ್ಲಿ ಶೇ. 20 ಮಾತ್ರ. ಫಲ ಕಾಣಲು ತಿಂಗಳುಗಳು ಬೇಕು. ಮೊದಲು ರಕ್ತದ ಪ್ರತಿಕಾಯ ಇಳಿಯುತ್ತದೆ, ಮೂತ್ರದ ಪ್ರೋಟೀನ್ ಆಮೇಲೆ. ಈ ನಡುವಿನ ಅವಧಿಯಲ್ಲಿ ಔಷಧ ನಾಟಲಿಲ್ಲವೆಂದು ಕೈಚೆಲ್ಲುವವರನ್ನು ಕಂಡರೆ ಸಂಕಟವಾಗುತ್ತದೆ.

ರೈಟರ್ ಕೈಚೆಲ್ಲಲಿಲ್ಲ. ಪ್ರತಿಕಾಯ ಈಗ ಇಲ್ಲವೆನ್ನುವಷ್ಟು ಇಳಿದಿದೆ, ಪ್ರೋಟೀನ್ ಇನ್ನೂ ಒಂದು ಗ್ರಾಂನಷ್ಟಿದೆ. ಈ ವರ್ಷದ ಮದ್ದು ಸೊಪ್ಪಿನ ಪಾಯಸವನ್ನು ವೈದ್ಯರ ಸಲಹೆಯಂತೆ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಎಂದಿನಂತೆ ನೊರೆ ನೋಡಿ ನನಗೆ ಫೋನ್ ಮಾಡಿದರು: "ಸ್ವಲ್ಪವೇ ಇದೆ ಅಣ್ಣ. ಮುಂದಿನ ಪರೀಕ್ಷೆ ಹುತ್ತರಿ ಕಳೆದ ಮೇಲೆ."