ಆಫ್ಟರ್‌ಮಾರ್ಕೆಟ್: ಡೂಪ್ಲಿಕೇಟೂ ಅಲ್ಲ, ಸೆಕೆಂಡ್ ಹ್ಯಾಂಡೂ ಅಲ್ಲ

ಹೋದ ತಿಂಗಳು ಒಬ್ಬರು ಹಡಗಿನ ಮಾಡೆಲ್ ಕಿಟ್ ಮಾರಾಟಕ್ಕೆ ಇಟ್ಟಿದ್ದರು. ಎರಡನೇ ಮಹಾಯುದ್ಧದ ಕಾಲದ ಜಪಾನಿನ ಹಡಗು ಯಮಾಟೊ, 1/350 ಸ್ಕೇಲ್, ಅಂದರೆ ನಿಜದ ಹಡಗಿನ 350ರಲ್ಲಿ ಒಂದು ಪಾಲು. ಫೋಟೊದ ಕೆಳಗೆ ಒಂದೇ ಸಾಲು: 'ಆಫ್ಟರ್‌ಮಾರ್ಕೆಟ್ ಕಿಟ್, ಕಂಡೀಷನ್ ಚೆನ್ನಾಗಿದೆ.' ಅವರು ಹೇಳಲು ಹೊರಟಿದ್ದು ಸೆಕೆಂಡ್ ಹ್ಯಾಂಡ್ ಅಂತ. ಡಬ್ಬಿ ತೆರೆದಿದೆ, ನಾಲ್ಕು ತುಂಡು ಅಂಟಿಸಿ ಆಗಿದೆ, ಇನ್ನು ಕೈಲಾಗಲ್ಲ ಅಂತ ಕೊಡುತ್ತಿದ್ದಾರೆ. ಅಷ್ಟೇ.

ಅದಕ್ಕೆ ಹದಿನೈದು ದಿನ ಮೊದಲು ಚಿಕ್ಕಪ್ಪ ಮನೆಗೆ ಬಂದಿದ್ದರು. ಮೇಜಿನ ಮೇಲೆ, ನಾನು ಕಟ್ಟುತ್ತಿದ್ದ ಹಡಗಿನ ಮಾಡೆಲ್‌ಗೆ ತರಿಸಿದ ಹಿತ್ತಾಳೆಯ ಪುಟ್ಟ ತೋಪಿನ ನಳಿಗೆಗಳು ಸಾಲಾಗಿ ನಿಂತಿದ್ದವು. ಒಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು.

"ಏನೋ ಇದು?"

"ಆಫ್ಟರ್‌ಮಾರ್ಕೆಟ್ ಬ್ಯಾರೆಲ್ಲು ಚಿಕ್ಕಪ್ಪ."

"ಯಾಕೋ, ಒರಿಜಿನಲ್ ಸಿಗ್ಲಿಲ್ವಾ?"

ಒಂದೇ ತಿಂಗಳಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಎರಡೂ ತಪ್ಪು. ಒಬ್ಬರಿಗೆ ಅದು ಹಳೇ ಮಾಲು, ಇನ್ನೊಬ್ಬರಿಗೆ ನಕಲಿ ಮಾಲು. ಚಿಕ್ಕಪ್ಪನ ಮೇಲೆ ಸಿಟ್ಟಿಲ್ಲ. ಅವರು ಮೂವತ್ತು ವರ್ಷ ಸ್ಕೂಟರ್ ಓಡಿಸಿದವರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ 'ಕಂಪನಿದು ಬೇಕಾ, ಆಫ್ಟರ್‌ಮಾರ್ಕೆಟ್ ಕೊಡ್ಲಾ?' ಎಂದು ಕೇಳಿದರೆ, ಎರಡನೆಯದು ಅಗ್ಗದ್ದು ಅಂತಲೇ ಗಿರಾಕಿಯ ಲೆಕ್ಕ. ಆದರೆ ಮಾಡೆಲ್ ಕಟ್ಟುವವರೇ ಹೀಗೆ ಬರೆದರೆ ಸುಮ್ಮನಿರುವುದು ಕಷ್ಟ.

ತೊಂದರೆ ಇರುವುದು ಆ 'ಆಫ್ಟರ್'ನಲ್ಲಿ. ಇಂಗ್ಲಿಷಿನಲ್ಲಿ ಅದು ಎರಡು ರೀತಿ ಕೂಡಿಕೊಳ್ಳುತ್ತದೆ. ಆಫ್ಟರ್‌ನೂನ್ ಎಂದರೆ ಮಧ್ಯಾಹ್ನ ಹನ್ನೆರಡು ಕಳೆದ ಮೇಲಿನ ಹೊತ್ತು. ಇಲ್ಲಿ 'ನೂನ್' ಮುಗಿದುಹೋಗಿದೆ, ನಾವು ಅದನ್ನು ದಾಟಿದ್ದೇವೆ. ಆಫ್ಟರ್‌ಶಾಕ್ ಹಾಗಲ್ಲ. ಭೂಕಂಪದ ಮೇಲೆ ಬರುವ ಇನ್ನೊಂದು ಕಂಪನ ಅದು. ಅದೂ ಕಂಪನವೇ, ಎರಡನೇ ಸಲದ್ದು. ಪತ್ರಿಕೆಯವರು ಅದನ್ನು ಪಶ್ಚಾತ್ ಕಂಪನ ಎಂದು ಸರಿಯಾಗಿಯೇ ಕನ್ನಡಿಸಿದ್ದಾರೆ. ಹಾಗಾದರೆ ಆಫ್ಟರ್‌ಮಾರ್ಕೆಟ್ ಯಾವ ಜಾತಿ? ಜನ ಅದನ್ನು ಆಫ್ಟರ್‌ನೂನ್ ಥರ ಓದುತ್ತಾರೆ. ಮಾರುಕಟ್ಟೆ ಮುಗಿದ ಮೇಲಿನದು, ಮಾರುಕಟ್ಟೆಯಿಂದ ಆಚೆ ಬಿದ್ದದ್ದು, ಅಂದರೆ ಹಳೇದು. ಆದರೆ ಅದು ಆಫ್ಟರ್‌ಶಾಕ್ ಜಾತಿಯ ಪದ. ಒಂದು ಮಾರುಕಟ್ಟೆಯ ಬೆನ್ನಿಗೆ ಹುಟ್ಟುವ ಇನ್ನೊಂದು ಮಾರುಕಟ್ಟೆ.

ಇದೇ ಸಾಲಿನ ಇನ್ನೊಂದು ಪದ ನನಗೆ ಬಹಳ ಇಷ್ಟ. ಆಫ್ಟರ್‌ಮ್ಯಾತ್. ಈಗ ಯುದ್ಧ, ಪ್ರವಾಹ, ಚುನಾವಣೆ ಎಲ್ಲದರ ಪರಿಣಾಮಕ್ಕೂ ಅದನ್ನು ಬಳಸುತ್ತಾರೆ. ಆದರೆ ಅಲ್ಲಿನ 'ಮ್ಯಾತ್' ಹಳೇ ಇಂಗ್ಲಿಷಿನಲ್ಲಿ ಹುಲ್ಲು ಕೊಯ್ಲಿನ ಹೆಸರು. ಒಂದು ಸಲ ಹುಲ್ಲು ಕೊಯ್ದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರಿ ಬರುತ್ತದಲ್ಲ, ಆ ಎರಡನೇ ಹುಲ್ಲು ಆಫ್ಟರ್‌ಮ್ಯಾತ್. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಳೆ! ಕಬ್ಬು ಕಡಿದ ಮೇಲೆ ಬುಡ ಬಿಟ್ಟರೆ ಕೂಳೆ ಬೆಳೆ ಬರುತ್ತದೆ. ಕೂಳೆ ಕಬ್ಬನ್ನು ಯಾರೂ ಸೆಕೆಂಡ್ ಹ್ಯಾಂಡ್ ಕಬ್ಬು ಅನ್ನುವುದಿಲ್ಲ. ಡೂಪ್ಲಿಕೇಟ್ ಕಬ್ಬು ಅಂತಲೂ ಅನ್ನುವುದಿಲ್ಲ. ಅದೂ ಹೊಸ ಕಬ್ಬೇ. ಮೊದಲ ಬೆಳೆಯ ಬುಡ ಇಲ್ಲದೆ ಅದು ಬರುತ್ತಿರಲಿಲ್ಲ, ಅಷ್ಟೇ ಸಂಬಂಧ.

ಆಫ್ಟರ್‌ಮಾರ್ಕೆಟ್ ಅಂದರೆ ಕೂಳೆ ಮಾರುಕಟ್ಟೆ. ಮೊದಲು ಒಂದು ದೊಡ್ಡ ವಸ್ತು ಮಾರಾಟವಾಗಬೇಕು: ಕಾರು, ಬೈಕು, ಹಡಗಿನ ಕಿಟ್ಟು. ಆಮೇಲೆ ಆ ವಸ್ತು ಇಟ್ಟುಕೊಂಡವರಿಗಾಗಿಯೇ ಬೇರೆಯವರು ಬಿಡಿಭಾಗ ಮಾಡಿ ಮಾರುತ್ತಾರೆ. ಆ ಎರಡನೇ ಸಂತೆ ಆಫ್ಟರ್‌ಮಾರ್ಕೆಟ್. ಷೇರುಪೇಟೆಯವರೂ ಈ ಪದ ಬಳಸುತ್ತಾರೆ. ಕಂಪನಿ ಮೊದಲ ಸಲ ಷೇರು ಹಂಚಿದ ಮೇಲೆ ಜನ ಜನರ ನಡುವೆ ನಡೆಯುವ ಕೊಡುಕೊಳ್ಳುವಿಕೆ ಅದು. ಅದು ನಮಗೆ ಇಲ್ಲಿ ಬೇಡ.

ಗಮನಿಸಿ, ಇದರಲ್ಲಿ ಗುಣಮಟ್ಟದ ಮಾತೇ ಇಲ್ಲ. ಯಾರು ಮಾಡಿದರು, ಯಾವಾಗ ಕೊಂಡಿರಿ ಎಂಬುದಷ್ಟೇ ಇದೆ. ಡೂಪ್ಲಿಕೇಟ್ ಬೇರೆ ವಿಷಯ. ಅಲ್ಲಿ ಒಬ್ಬ ತನ್ನ ಮಾಲಿನ ಮೇಲೆ ಇನ್ನೊಬ್ಬನ ಹೆಸರು ಹಾಕಿ ಮೋಸ ಮಾಡುತ್ತಾನೆ. ಆಫ್ಟರ್‌ಮಾರ್ಕೆಟ್‌ನವನು ತನ್ನದೇ ಹೆಸರು ಹಾಕಿ ರಾಜಾರೋಷವಾಗಿ ಮಾರುತ್ತಾನೆ. ಸೆಕೆಂಡ್ ಹ್ಯಾಂಡ್ ಇನ್ನೂ ಬೇರೆ. ಅದು ಮೊದಲು ಯಾರ ಕೈಯಲ್ಲಿತ್ತು ಅನ್ನುವ ಪ್ರಶ್ನೆ. ಬೇಕಾದರೆ ಒಂದೇ ವಸ್ತು ಸೆಕೆಂಡ್ ಹ್ಯಾಂಡ್ ಆಫ್ಟರ್‌ಮಾರ್ಕೆಟ್ ಕೂಡ ಆಗಬಹುದು.

ಹಡಗಿನ ಮಾಡೆಲ್ ವಿಷಯಕ್ಕೆ ಬಂದರೆ ಚಿಕ್ಕಪ್ಪನ ಲೆಕ್ಕ ಪೂರ್ತಿ ತಿರುಗಿ ನಿಲ್ಲುತ್ತದೆ. ಇಲ್ಲಿ ಡಬ್ಬಿಯಲ್ಲಿ ಬಂದದ್ದೇ ಒರಟು, ಹೊರಗಿನಿಂದ ತಂದದ್ದೇ ನಾಜೂಕು. ಎಷ್ಟೋ ಸಲ ಕಿಟ್ಟಿಗಿಂತ ಅದಕ್ಕೆ ಹಾಕುವ ಬಿಡಿಭಾಗದ ಸೆಟ್ಟಿಗೇ ಜಾಸ್ತಿ ದುಡ್ಡು. ಯಾಕೆ ಹೀಗೆ ಅಂತ ಯಮಾಟೊ ಇಟ್ಟುಕೊಂಡೇ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಯಮಾಟೊ ಬ್ಯಾಟಲ್‌ಶಿಪ್, ಅಂದರೆ ಭಾರೀ ತೋಪು, ದಪ್ಪ ಉಕ್ಕಿನ ಕವಚ ಹೊತ್ತ ದೊಡ್ಡ ಹಡಗು. ನಮ್ಮ ಪತ್ರಿಕೆಗಳು ಬಂದೂಕು ಹೊತ್ತು ತೇಲುವ ಎಲ್ಲದಕ್ಕೂ ಯುದ್ಧನೌಕೆ ಅನ್ನುತ್ತವೆ. ಅದನ್ನು ಓದಿದವರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಎಲ್ಲವನ್ನೂ ಬ್ಯಾಟಲ್‌ಶಿಪ್ ಮಾಡುತ್ತಾರೆ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ 'ಚಪಲ್' ಕ್ಷಿಪಣಿ ದೋಣಿ. 1957ರಲ್ಲಿ ನಮ್ಮ ನೌಕಾಪಡೆ ಸೇರಿದ ಹಳೇ 'ಮೈಸೂರು' ಕ್ರೂಸರ್, ಅಂದರೆ ಅದಕ್ಕಿಂತ ಚಿಕ್ಕ ಜಾತಿಯ ಹಡಗು. ಬ್ಯಾಟಲ್‌ಶಿಪ್ ಅನ್ನುವುದು ಸ್ವತಂತ್ರ ಭಾರತದ ನೌಕಾಪಡೆಯಲ್ಲಿ ಒಂದೂ ಇರಲಿಲ್ಲ. ಇದಕ್ಕೆ ಬೇರೆಯೇ ಒಂದು ಬರಹ ಬೇಕು, ಈಗ ಬಿಡಿ.

ಯಮಾಟೊ 263 ಮೀಟರ್ ಉದ್ದ ಇತ್ತು. 1/350ಕ್ಕೆ ಇಳಿಸಿದರೆ 75 ಸೆಂಟಿಮೀಟರ್. ಟೀಪಾಯಿ ಮೇಲೆ ಕೂರುತ್ತದೆ. ಒಡಲು ಸರಿ, ಗೋಪುರ ಸರಿ, ದೊಡ್ಡ ಆಕಾರಗಳನ್ನೆಲ್ಲ ಪ್ಲಾಸ್ಟಿಕ್ ಚೆನ್ನಾಗಿ ಹಿಡಿಯುತ್ತದೆ. ಕಷ್ಟ ಶುರುವಾಗುವುದು ಅಂಚಿನ ರೇಲಿಂಗ್‌ಗೆ ಬಂದಾಗ. ಕಿಟ್ ಮಾಡುವವರು ಬಿಸಿ ಪ್ಲಾಸ್ಟಿಕನ್ನು ಒತ್ತಡ ಹಾಕಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಅದು ಮೂಲೆ ಮೂಲೆಗೂ ಹರಿಯಬೇಕು, ತಣ್ಣಗಾಗಬೇಕು, ಮುರಿಯದೆ ಈಚೆ ಬರಬೇಕು. ತೀರಾ ತೆಳ್ಳಗಿದ್ದರೆ ಬರುವುದಿಲ್ಲ. ಅರ್ಧ ಮಿಲಿಮೀಟರ್ ಕಂಬ ಮಾಡಿದರು ಅಂದುಕೊಳ್ಳಿ. ನೋಡಲು ದಾರದಷ್ಟು ಸಣ್ಣ ಅನಿಸುತ್ತದೆ. 350ರಿಂದ ಗುಣಿಸಿ. 17.5 ಸೆಂಟಿಮೀಟರ್! ಹಡಗಿನ ಸುತ್ತ ರೇಲಿಂಗ್ ಬದಲು ಅಡಿಕೆ ಮರ ನೆಟ್ಟ ಹಾಗೆ. ಅದಕ್ಕೇ ಬಹಳಷ್ಟು ಕಿಟ್ಟುಗಳಲ್ಲಿ ರೇಲಿಂಗ್ ಕೊಡುವುದೇ ಇಲ್ಲ. ಅದು ಸೋಮಾರಿತನ ಅಲ್ಲ, ಒಳ್ಳೆಯ ಬುದ್ಧಿ.

ಆ ಖಾಲಿ ಜಾಗದಲ್ಲೇ ಕೂಳೆ ಚಿಗುರುವುದು. ಬೇರೊಂದು ಕಂಪನಿ ತೆಳು ಹಿತ್ತಾಳೆ ಹಾಳೆಗೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತದೆ. ಬೇಡದ ಜಾಗವನ್ನು ರಾಸಾಯನಿಕ ತಿಂದುಹಾಕುತ್ತದೆ. ಸರ್ಕ್ಯೂಟ್ ಬೋರ್ಡ್ ಮಾಡುವುದೂ ಹೆಚ್ಚುಕಡಿಮೆ ಹೀಗೇ. ಇದಕ್ಕೆ ಫೋಟೊ ಎಚ್ ಅನ್ನುತ್ತಾರೆ, ನಮ್ಮ ನಡುವೆ ಬರೀ 'ಪಿಇ'. 0.1 ಮಿಲಿಮೀಟರ್ ಕಂಬ ಅಂದರೆ ನಿಜದ ಅಳತೆಯಲ್ಲಿ 3.5 ಸೆಂಟಿಮೀಟರ್. ಈಗ ಅದು ಮನುಷ್ಯ ಕೈ ಇಟ್ಟು ನಿಲ್ಲಬಹುದಾದ ಪೈಪು. ಚೆಕ್ ದೇಶದ ಎಡ್ವಾರ್ಡ್, ಕೊರಿಯಾದ ಪೊಂಟೊಸ್ ಇಂಥ ಸೆಟ್ಟುಗಳಿಗೆ ಹೆಸರಾದವರು. ಇವರು ಯಾರೂ ಕಿಟ್ ಮಾಡಿದವರ ಹೆಸರು ಕದ್ದಿಲ್ಲ.

ತೋಪುಗಳದ್ದೂ ಇದೇ ಕಥೆ. ಯಮಾಟೊದ ಒಂಬತ್ತು ದೊಡ್ಡ ತೋಪುಗಳ ಬಾಯಿ 46 ಸೆಂಟಿಮೀಟರ್. ಬ್ಯಾಟಲ್‌ಶಿಪ್ ಮೇಲೆ ಅದಕ್ಕಿಂತ ದೊಡ್ಡದನ್ನು ಯಾರೂ ಕೂರಿಸಲಿಲ್ಲ. ಮಾಡೆಲ್‌ನಲ್ಲಿ ಆ ಬಾಯಿ 1.3 ಮಿಲಿಮೀಟರ್. ಪ್ಲಾಸ್ಟಿಕ್ ನಳಿಗೆಯ ಉದ್ದಕ್ಕೂ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಇರುತ್ತದೆ. ಉಜ್ಜಿ ತೆಗೆಯಲು ಹೋದರೆ ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ. ನಾನು ಮೂರು ನಳಿಗೆ ಹಾಗೆ ಕೆಡಿಸಿ, ಆಮೇಲೆ ಲೇತಿನಲ್ಲಿ ಕಡೆದ ಹಿತ್ತಾಳೆಯವನ್ನು ತರಿಸಿದ್ದು. ತುದಿಗೆ ನಿಜವಾದ ತೂತು ಇದೆ. ಚಿಕ್ಕಪ್ಪ ಎತ್ತಿ ನೋಡಿದ್ದು ಅದನ್ನೇ. ಇನ್ನು ವಿಮಾನಗಳಿಗೆ ಹೊಡೆಯಲು ಇದ್ದ 25 ಮಿಲಿಮೀಟರ್ ಬಂದೂಕುಗಳ ತೂತು ಈ ಸ್ಕೇಲಿನಲ್ಲಿ 0.07 ಮಿಲಿಮೀಟರ್. ತಲೆಕೂದಲಿನ ದಪ್ಪ. ಅದನ್ನು ಅಳತೆಗೆ ಸರಿಯಾಗಿ ಕೊರೆಯುವುದು ಕಷ್ಟ, ಕೊರೆದರೂ ಕಾಣುವುದು ಕಷ್ಟ.

ಆಫ್ಟರ್‌ಮಾರ್ಕೆಟ್ ಅಂದಮಾತ್ರಕ್ಕೆ ಮೇಲು ಅಂತಲೂ ಅಲ್ಲ ಮತ್ತೆ. ಮರದ ಡೆಕ್, ಅಂದರೆ ಹಡಗಿನ ಮೇಲಿನ ನೆಲ, ಅದನ್ನೇ ನೋಡಿ. ಕಾಗದದಷ್ಟು ತೆಳು ಮರ, ಮೇಲೆ ಲೇಸರ್‌ನಲ್ಲಿ ಹಲಗೆಯ ಗೆರೆ, ಕೆಳಗೆ ಅಂಟು. ನಿಜವಾದ ಹಡಗಿಗೆ ಮರದ ಡೆಕ್ ಇತ್ತು, ನನ್ನದಕ್ಕೂ ಮರದ್ದೇ ಇದೆ ಅಂತ ಜನ ಹಿಗ್ಗುತ್ತಾರೆ. ಆದರೆ ಮರದ ಎಳೆ ಸ್ಕೇಲಿಗೆ ಇಳಿಯುವುದಿಲ್ಲವಲ್ಲ! ಹಾಳೆಯಲ್ಲಿ ಕಾಣುವ ಒಂದು ಮಿಲಿಮೀಟರ್ ಎಳೆ ಆ ಹಡಗಿನ ಮೇಲೆ 35 ಸೆಂಟಿಮೀಟರ್ ಪಟ್ಟೆ. ಅಂಥ ಮರ ಯಾವ ಕಾಡಿನಲ್ಲೂ ಬೆಳೆಯಲ್ಲ. ಚೆನ್ನಾಗಿ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಡೆಕ್ ಅದಕ್ಕಿಂತ ಮರದಂತೆ ಕಾಣುತ್ತದೆ. ನನ್ನ ಮೊದಲ ಮರದ ಡೆಕ್ ಎರಡನೇ ಮಳೆಗಾಲಕ್ಕೆ ಮೂತಿಯ ಕಡೆಯಿಂದ ಹಪ್ಪಳದ ಹಾಗೆ ಎದ್ದು ನಿಂತಿತು. ಬೇಕಾದರೆ ಇದನ್ನು ಹೊಟ್ಟೆಕಿಚ್ಚು ಅಂದುಕೊಳ್ಳಿ.

ಪದ ಎಲ್ಲಿಗೆ ನಿಲ್ಲುತ್ತದೆ ಅನ್ನುವುದರಲ್ಲೂ ಜಗಳ ಇದೆ. ಡಬ್ಬಿಯೊಳಗೇ ಹಿತ್ತಾಳೆ ಹಾಳೆ ಬಂದಿದ್ದರೆ ಅದು ಪಿಇ ಹೌದು, ಆಫ್ಟರ್‌ಮಾರ್ಕೆಟ್ ಅಲ್ಲ. ಈ ಎರಡನ್ನು ಒಂದೇ ಅರ್ಥದಲ್ಲಿ ಬಳಸುವುದು ಇತ್ತೀಚಿನ ಚಟ. ಒಂದು ವಸ್ತುವಿನ ಹೆಸರು, ಇನ್ನೊಂದು ವ್ಯಾಪಾರದ ಹೆಸರು. ಕಿಟ್ ಮಾಡಿದ ಕಂಪನಿಯೇ ಬೇರೆ ಪೊಟ್ಟಣದಲ್ಲಿ ಅಂಥ ಸೆಟ್ ಮಾರಿದರೆ? ಕೆಲವರು ಅದನ್ನೂ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಕಾರಿನ ಕಂಪನಿಯೇ ಫ್ಲೋರ್ ಮ್ಯಾಟ್ ಮಾರಿದರೆ ಅದನ್ನು ಆಕ್ಸೆಸರಿ ಅನ್ನುತ್ತೀರಿ ತಾನೆ? ಇಲ್ಲೂ ಹಾಗೇ. ಬೇರೆಯವನ ಕೈ ಇಲ್ಲದೆ ಆಫ್ಟರ್‌ಮಾರ್ಕೆಟ್ ಇಲ್ಲ.

ಒಂದು ರೂಪದ ಕಿಟ್ಟನ್ನು ಇನ್ನೊಂದು ರೂಪಕ್ಕೆ ತಿರುಗಿಸುವ ಕನ್ವರ್ಷನ್ ಸೆಟ್ ಮಾತ್ರ ಅಪ್ಪಟ ಆಫ್ಟರ್‌ಮಾರ್ಕೆಟ್. ಯಮಾಟೊ 1941ರ ಡಿಸೆಂಬರ್‌ನಲ್ಲಿ ಸೇವೆಗೆ ಸೇರಿದಾಗ 25 ಮಿಲಿಮೀಟರ್ ಬಂದೂಕು 24 ಇದ್ದವು. ಅಕ್ಕಪಕ್ಕದಲ್ಲಿ ಎರಡು ಮಧ್ಯಮ ಗಾತ್ರದ ತೋಪುಗೂಡುಗಳೂ ಇದ್ದವು. 1944ರಲ್ಲಿ ಆ ಗೂಡು ಕಿತ್ತು ವಿಮಾನ ಹೊಡೆಯುವ ತೋಪು ಕೂರಿಸಿದರು. 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳು ಮುಳುಗಿಸುವ ಹೊತ್ತಿಗೆ ಸಣ್ಣ ಬಂದೂಕುಗಳು ಸುಮಾರು 150 ಆಗಿದ್ದವು. ಕಿಟ್ ಕೊನೆಯ ರೂಪದ್ದು, ನಿಮಗೆ ಮೊದಲ ರೂಪ ಬೇಕು ಅಂದರೆ ರೆಸಿನ್‌ನ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ಒಂದು ವಸ್ತು) ಬೇರೆ ಭಾಗ ತರಿಸಬೇಕು. ಇದು ಕಿಟ್ಟಿನ ಕೊರತೆ ತುಂಬುವುದಲ್ಲ, ಕಿಟ್ಟನ್ನೇ ಬೇರೆ ಹಡಗು ಮಾಡುವುದು.

ನಾವೇ ಹಾಳೆ ಕತ್ತರಿಸಿ, ತಂತಿ ಬಗ್ಗಿಸಿ ಮಾಡಿಕೊಂಡರೆ ಅದು ಸ್ಕ್ರ್ಯಾಚ್ ಬಿಲ್ಡ್. ಅಲ್ಲಿ ಮಾರುಕಟ್ಟೆಯೇ ಇಲ್ಲ. ಯಾರೋ ಮಾರಿದ ಫೈಲ್ ಕೊಂಡು ಮನೆಯ ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದರೆ ನನ್ನ ಪ್ರಕಾರ ಆಫ್ಟರ್‌ಮಾರ್ಕೆಟ್ಟೇ. ಕೊಂಡಿದ್ದೀರಲ್ಲ!

ಆ ಜಾಹೀರಾತಿನ ಕಿಟ್ಟನ್ನು ಕೊನೆಗೆ ನಾನೇ ಕೊಂಡೆ. ನಳಿಗೆ ಕೆಡಿಸಿಕೊಂಡವನಿಗೆ ಬಿಡಿಭಾಗಕ್ಕಾದರೂ ಆಯಿತು ಅಂತ. ಮನೆಗೆ ತಂದು ಡಬ್ಬಿ ಖಾಲಿ ಮಾಡಿದಾಗ ಒಡಲಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಹಿತ್ತಾಳೆ ಹಾಳೆ, ಇನ್ನೂ ಕತ್ತರಿಸಿಲ್ಲ. ಪೂರ್ತಿ ಹಡಗಿಗಾಗುವಷ್ಟು ರೇಲಿಂಗು, ರೇಡಾರು, ಏಣಿಗಳು, ಮೂಲೆಯಲ್ಲಿ ಬೇರೆ ಕಂಪನಿಯ ಹೆಸರು. ಕಿಟ್ ಮಾರಿದವರಿಗೆ ಫೋನ್ ಮಾಡಿದೆ.

"ಸಾರ್, ಇದರ ದುಡ್ಡು ನೀವು ಸೇರಿಸೇ ಇಲ್ಲ."

"ಯಾವ್ದು, ಆ ತಗಡಾ? ಪ್ಯಾಕಿಂಗ್‌ದಿರಬೇಕು ಸಾರ್, ಬಿಸಾಕಿ."